ದಾಟದ ನಾಲ್ಕು ನಿಂಬೆಹಣ್ಣು

ಇಪ್ಪತ್ತು ವರ್ಷ ಬೇರೆಯವರ ಕಾರು ಓಡಿಸಿದ ನಮ್ಮಪ್ಪ ಕೊನೆಗೂ ತನ್ನದೊಂದು ಕಾರು ಕೊಳ್ಳಲು ಹೊರಟಾಗ ನಾನು ಶಿರಹಟ್ಟಿಯ ಶಾಲೆಯಲ್ಲಿ ಹೊಸದಾಗಿ ಅಕ್ಕೋರಾಗಿ ಸೇರಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ಗದಗಿನ ಹತ್ತಿ ಗಿರಣಿಯ ಮಾಲಕರಲ್ಲಿ ಡ್ರೈವರ್. ಅವರು ಗಿರಣಿ ಮಾರಿ ಊರು ಬಿಟ್ಟ ಮೇಲೆ ಅಪ್ಪನಿಗೆ ಕೆಲಸವಿಲ್ಲದಾಯಿತು. ಬೇರೆ ಕಸುಬು ಗೊತ್ತಿಲ್ಲ. ಲಕ್ಷ್ಮೇಶ್ವರದಲ್ಲಿ ನಮ್ಮ ಮನೆಯ ಮುಂದೆ ಬಾಡಿಗೆಗೆ ಒಂದು ಕಾರು ನಿಲ್ಲಿಸಬೇಕೆಂದು ಹಟ ಹಿಡಿದ. ಹೊಸದು ನಮ್ಮ ಕೈಗೆ ಎಟುಕುವ ಮಾತಲ್ಲ. ಬೆಟಗೇರಿಯ ಕಾಳಿನ ವ್ಯಾಪಾರಿಯೊಬ್ಬರ ಹಳೆಯ ಕಪ್ಪು ಕಾರು ಮಾರಾಟಕ್ಕಿದೆ ಎಂದು ಗೊತ್ತಾಯಿತು.

ಅಪ್ಪ ಅದನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಬಾನೆಟ್ಟಿಗೆ ಕಿವಿಗೊಟ್ಟ, ಸ್ಟೇರಿಂಗ್ ಅಲುಗಾಡಿಸಿದ, ಅಡಿಯಲ್ಲಿ ಅಂಗಾತ ಮಲಗಿ ಎದ್ದು ಬಂದ. ಆಮೇಲೆ ನನಗೆ ಬರೆದುಕೋ ಎಂದ. ಪಾಠ ಟಿಪ್ಪಣಿಯ ವಹಿಯ ಕೊನೆಯ ಹಾಳೆಯಲ್ಲಿ ಏಳು ರಿಪೇರಿ ಬರೆದೆ. ಸ್ಟೇರಿಂಗ್ ಸಡಿಲ, ಹಾರ್ನಿಗೆ ದನಿಯಿಲ್ಲ, ವೈಪರ್ ಆಡುವುದಿಲ್ಲ, ಬ್ಯಾಟರಿ ಸತ್ತಿದೆ, ಡೈನಮೋ ಚಾರ್ಜ್ ಕೊಡುವುದಿಲ್ಲ, ಬ್ರೇಕು ಎರಡು ಸಲ ತುಳಿದರೆ ಮಾತ್ರ ಹಿಡಿಯುತ್ತದೆ. ಏಳನೆಯದು ಹಿಂದಿನ ಎಡಬಾಗಿಲು; ಅದನ್ನು ಹಗ್ಗ ಹಾಕಿ ಕಟ್ಟಿದ್ದರು. ಆರನ್ನು ತಮ್ಮ ಖರ್ಚಿನಲ್ಲೇ ಮಾಡಿಸಲು ವ್ಯಾಪಾರಿ ಹೂಂ ಎಂದರು, ಬಾಗಿಲಿಗೆ ಮಾತ್ರ ಕೊಸರಾಡಿದರು. ಬಲಗಡೆಯಿಂದ ಹತ್ತಿದರೆ ಆಗುವುದಿಲ್ಲವೇ ಎಂಬುದು ಅವರ ವಾದ. ನನಗೂ ಅದು ಸರಿ ಅನ್ನಿಸಿತು. ಅಪ್ಪ ಜಗ್ಗಲಿಲ್ಲ. ಏಳೂ ಆಗುವ ತನಕ ಗಾಡಿ ನಿಮ್ಮದು, ಆದ ಮೇಲೆ ನಮ್ಮದು ಎಂದು ಮಾತಾಯಿತು. ಕಾರು ಅಲ್ಲೇ ಬೆಟಗೇರಿಯ ಮಿಸ್ತ್ರಿಯ ಗ್ಯಾರೇಜು ಸೇರಿತು.

ಮಿಸ್ತ್ರಿ ಸುಲಭದ ಮೂರು ರಿಪೇರಿ ಮುಗಿಸುವಷ್ಟರಲ್ಲಿ ಅಮಾವಾಸ್ಯೆ ಬಂತು. ನಮ್ಮ ಕಡೆ ಗಾಡಿಗೆ ಅಮಾವಾಸ್ಯೆಯ ಪೂಜೆ ತಪ್ಪಿಸುವುದಿಲ್ಲ. ಅಪ್ಪ ಇಪ್ಪತ್ತು ವರ್ಷ ಗಿರಣಿಯ ಕಾರು ತೊಳೆದು, ಪೂಜೆ ಮಾಡಿ, ಒಡೆದ ಕಾಯಿಯ ಒಂದು ಹೋಳು ಮನೆಗೆ ತರುತ್ತಿದ್ದ. ಅವ್ವ ಆ ಕಾಯಿಯ ಚಟ್ನಿ ಅರೆದವಳೇ ಹೊರತು ಆ ಕಾರಿನಲ್ಲಿ ಒಂದು ದಿನವೂ ಕೂತವಳಲ್ಲ. ಈಗ ನಮ್ಮದೇ ಕಾರು ಬರುವಾಗ ಈ ಅಮಾವಾಸ್ಯೆ ಬರಿದೇ ಹೋಗಬಾರದೆಂದು ಅವಳ ಆಸೆ. ರಿಪೇರಿ ಮುಗಿಯಲಿ ಎಂದ ಅಪ್ಪ. ನಡುವೆ ಬಾಯಿ ಹಾಕಿದವಳು ನಾನು. ಪೂಜೆ ಮಾಡಿದರೆ ಕಾರು ಸವೆದು ಹೋಗುತ್ತದೆಯೇ ಎಂದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಗ್ಯಾರೇಜಿಗೆ ಹೋಗಿ ಅವ್ವ ಬಾನೆಟ್ಟಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ನಾಲ್ಕು ಗಾಲಿಯ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟಳು. ಅದೇ ಹೊತ್ತಿಗೆ ವ್ಯಾಪಾರಿ ಬಂದರು. ಪ್ರಸಾದ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಕಿಸೆಯಿಂದ ಚಾವಿ ತೆಗೆದು ಅಪ್ಪನ ಅಂಗೈಗೆ ಇಟ್ಟರು.

“ಪೂಜಿ ಆತಲ್ರಿ, ಇನ್ನ ಇದು ನಿಮ್ಮ ಮನಿ ಲಕ್ಷ್ಮಿ. ಲಕ್ಷ್ಮಿಗೆ ಕುಂದ ಹೇಳಬಾರ್ದು,” ಅಂದರು. ಉಳಿದ ನಾಲ್ಕು ರಿಪೇರಿ ಇನ್ನು ನಿಮ್ಮ ಪಾಲಿಗೆ ಎಂಬುದು ಅದರ ಅರ್ಥ.

ನನಗೆ ಮೈಯೆಲ್ಲ ಉರಿಯಿತು. ಅಪ್ಪ ಜಗಳಕ್ಕೆ ನಿಲ್ಲುತ್ತಾನೆ ಎಂದುಕೊಂಡೆ, ನಿಲ್ಲಲಿಲ್ಲ. ಪೂಜೆಯಾದದ್ದನ್ನು ಹಿಂದಕ್ಕೆ ಕೊಡಬಾರದು ಎಂದು ನಂಬಿದ ಮನುಷ್ಯ. ಡೋಣಿ ಎಂಬ ಊರಿನ ಒಂದು ಮನೆಯವರು ಮುಂಡರಗಿಗೆ ಹೋಗಲು ಮರುದಿನ ಕಾರು ಸಿಗುತ್ತದೆಯೇ ಎಂದು ಕೇಳಿದ್ದರು. ಆಗ ಇಲ್ಲ ಎಂದಿದ್ದವ, ಈಗ ಗಾಡಿ ಕೈಗೆ ಬಂತಲ್ಲ, ಹೋಗಿ ಬರುತ್ತೇನೆ ಎಂದ. ಬ್ರೇಕಿನ ಗತಿ ಏನು ಎಂದು ಕೇಳಿದೆ.

“ಎರಡ ಸಲ ತುಳದ್ರ ಹಿಡೀತೈತಲ್ಲ.”

ಆ ದಾರಿಯಲ್ಲಿ, ಕಪ್ಪತಗುಡ್ಡದ ಬದಿಯ ಇಳುಕಲಿನಲ್ಲಿ ಎರಡನೆಯ ಸಲ ತುಳಿಯುವಷ್ಟು ಪುರುಸೊತ್ತು ಯಾರು ಕೊಡುತ್ತಾರೆ? ಅಪ್ಪನನ್ನು ನಾನೇ ಕೈಯಾರೆ ಗುಡ್ಡದಿಂದ ನೂಕುತ್ತಿದ್ದೇನೆ ಅನ್ನಿಸಿತು. ಅವನು ಸೀಟಿನಲ್ಲಿ ಕೂತು ಚಾವಿ ತಿರುಗಿಸಿದ. ಟಿಕ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದ, ಮತ್ತೆ ಟಿಕ್. ದಬ್ಬಿ ಚಾಲೂ ಮಾಡೋಣ ಎಂದು ವ್ಯಾಪಾರಿ ತಾವೇ ಧೋತರ ಮೇಲೆತ್ತಿ ಹಿಂದೆ ಹೋಗಿ ನಿಂತರು. ಮಿಸ್ತ್ರಿಯೂ ಕೈಹಚ್ಚಿದ.

ಅಷ್ಟು ಹೊತ್ತು ಗೋಡೆಗೆ ಒರಗಿ ತಲೆತಗ್ಗಿಸಿ ನಿಂತಿದ್ದ ಅವ್ವ ಒಮ್ಮೆಲೇ ಮುಂದೆ ಬಂದಳು. ಬಗ್ಗಿ ನಿಂಬೆಹಣ್ಣುಗಳನ್ನು ಒಂದೊಂದಾಗಿ ಆಯ್ದು ಉಡಿಯಲ್ಲಿ ಹಾಕಿಕೊಂಡಳು.

“ಗಾಡಿ ಲಿಂಬಿಹಣ್ಣ ದಾಟಿಲ್ರಿ,” ಅಂದಳು. “ದಾಟೂತನಕ ಅದು ನಿಮ್ಮ ಮನಿ ಲಕ್ಷ್ಮಿ. ರಿಪೇರಿ ಮಾಡಸ್ರಿ, ಆಮ್ಯಾಲೆ ಮತ್ತ ಇಡ್ತೇನಿ.”

ವ್ಯಾಪಾರಿ ಮಿಸ್ತ್ರಿಯ ಮುಖ ನೋಡಿದರು. ಮಿಸ್ತ್ರಿ ಕೈಯೊರೆಸಿಕೊಳ್ಳುತ್ತ, ಈ ತಾಯಿ ಹೇಳುವುದು ಖರೆ, ನಿಮ್ಮ ಕಾಳಿನ ಲಾರಿಯನ್ನು ನಿಂಬೆಹಣ್ಣು ದಾಟಿಸದೆ ಎಂದಾದರೂ ಒಯ್ದಿದ್ದೀರೇನು ಎಂದು ಕೇಳಿದ. ಶಾಸ್ತ್ರ ತೆಗೆದವರು ವ್ಯಾಪಾರಿಯೇ, ಅದಕ್ಕೆ ಸಿಕ್ಕಿಬಿದ್ದವರೂ ಅವರೇ. ಕೆಟ್ಟ ಮನುಷ್ಯರಲ್ಲ, ಸ್ವಲ್ಪ ಹೊತ್ತಿಗೆ ತಮಗೇ ನಗು ಬಂತು. ಅಪ್ಪನ ಕೈಯಿಂದ ಚಾವಿ ಇಸಿದುಕೊಂಡು, ನಾಲ್ಕೂ ಮುಗಿಸಿಬಿಡು ಎಂದು ಮಿಸ್ತ್ರಿಗೆ ಹೇಳಿ ಹೋದರು. ಸತ್ತ ಬ್ಯಾಟರಿ ಒಂದು ಒಳ್ಳೆಯ ಕೆಲಸ ಮಾಡಿ ಸತ್ತಿತ್ತು.

ಮುಂದಿನ ಭಾನುವಾರ ನಾನು ಗ್ಯಾರೇಜಿಗೆ ಬಂದಾಗ ಮಿಸ್ತ್ರಿ ಬಿಚ್ಚಿಟ್ಟ ಬ್ರೇಕಿನ ರಬ್ಬರ್ ಪೈಪನ್ನು ಅಪ್ಪನಿಗೆ ತೋರಿಸಿದ. ಎರಡು ಬೆರಳಿನಲ್ಲಿ ಒತ್ತಿದ, ಅದು ಹರಿದು ಎಣ್ಣೆ ಜಿನುಗಿತು. ಒಂದು ಇಳುಕಲನ್ನೂ ತಾಳುತ್ತಿರಲಿಲ್ಲ ಎಂದ. ಅಪ್ಪ ಆ ತುಂಡನ್ನು ಇಸಿದುಕೊಂಡು ತಾನೂ ಒಮ್ಮೆ ಒತ್ತಿ ನೋಡಿದ. ನನಗೆ ಹೋದ ಜೀವ ಬಂದಂತಾಯಿತು. ಅಳು ಬಂತು, ಅದನ್ನು ಮುಚ್ಚಿಕೊಳ್ಳಲು ಮಿಸ್ತ್ರಿಯ ಮೇಲೆ ರೇಗಿ ಬಾಗಿಲು ಇನ್ನೂ ಯಾಕೆ ಆಗಿಲ್ಲ ಎಂದು ಕೇಳಿದೆ. ಅವನು ಸುಮ್ಮನೆ ಉಳಿದಿದ್ದ ಹಗ್ಗ ಬಿಚ್ಚಿ ಹೊಸ ಹಿಡಿಕೆ ತೋರಿಸಿದ.

ಏಳೂ ಆಗಿದ್ದವು. ಅವ್ವ ಅವೇ ನಾಲ್ಕು ಹಣ್ಣು ತಂದಿದ್ದಳು, ಸಿಪ್ಪೆ ಒಣಗಿ ಬಿರುಸಾಗಿದ್ದವು. ಹೊಸವು ಸಿಗಲಿಲ್ಲವೇ ಎಂದರೆ, ಮಾತು ಕೊಟ್ಟದ್ದು ಇವುಗಳ ಮೇಲೆ ಎಂದಳು. ಒಂದೇ ಸಲಕ್ಕೆ ಗಾಡಿ ಚಾಲೂ ಆಯಿತು. ಹಣ್ಣು ದಾಟಿ ಗ್ಯಾರೇಜಿನ ಬಾಗಿಲ ಬಳಿ ಅಪ್ಪ ಬ್ರೇಕು ತುಳಿದ, ಒಂದೇ ತುಳಿತಕ್ಕೆ ನಿಂತಿತು. ನಾನು ಮುಂದೆ ಹತ್ತಿದೆ. ಅವ್ವ ಹಿಂದಿನಿಂದ ಸುತ್ತು ಹಾಕಿ ಬಲಬಾಗಿಲಿಗೆ ಹೋಗುತ್ತಿದ್ದಳು. ಅಪ್ಪ ಇಳಿದು ಅವಳನ್ನು ತಡೆದ, ಎಡಗಡೆಗೆ ಕರೆತಂದು ಬಾಗಿಲು ತೆರೆದು ಹಿಡಿದು ನಿಂತ. ಗಿರಣಿಯ ಮಾಲಕರಿಗೆ ಇಪ್ಪತ್ತು ವರ್ಷ ಹೀಗೆಯೇ ನಿಂತಿದ್ದ. ಮಾಲಕರು ಕೂಡುವುದು ಯಾವಾಗಲೂ ಹಿಂದಿನ ಎಡಗಡೆಗೆ. ಏಳನೆಯ ರಿಪೇರಿ ಯಾಕೆಂದು ನನಗೆ ಆಗ ತಿಳಿಯಿತು.

“ಹತ್ರಿ ಮಾಲಕರ,” ಅಂದ.

“ಸಾಕ, ಸುಮ್ಕಿರ್ರಿ,” ಎಂದು ಅವ್ವ ಸೆರಗು ಎಳೆದುಕೊಂಡು ಕೂತಳು. ಅಪ್ಪ ಬಾಗಿಲು ಹಾಕಿದ. ಅದು ಒಂದೇ ಸಲಕ್ಕೆ ಹಾಕಿಕೊಂಡಿತು.