ಬೇಲಿ ಪಕ್ಕದ ಸೌದೆ

ಮೊನ್ನೆ ಸಂತೆಮರಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮರಗೆಲಸದ ಅಂಗಡಿಯಿಂದ ಹಸಿ ಮಾವಿನ ಮರ ಕೊಯ್ದ ವಾಸನೆ ಬಂತು. ವಾಸನೆ ನೆನಪು ತರುತ್ತದೆ ಎನ್ನುವವರ ಜೊತೆ ವಾದಕ್ಕೆ ನಿಂತವಳು ನಾನು. ಆದರೂ ಪಕ್ಕದ ತೋಟದ ದೊಡ್ಡಪ್ಪ ನೆನಪಾದರು... ಸಂಬಂಧವೇನಿಲ್ಲ, ನಡುವೆ ಒಂದು ಬೇಲಿ ಅಷ್ಟೆ.

ಉಮ್ಮತ್ತೂರಿನ ನಮ್ಮ ಮಾವಿನ ತೋಪಿಗೆ ತೊಗಟೆ ಕೊರೆಯುವ ದುಂಬಿ ಬಿದ್ದಿತ್ತು. ಕಾಂಡದ ತುಂಬ ಸೂಜಿಮೊನೆಯಷ್ಟು ತೂತು, ಬುಡದಲ್ಲಿ ಹಿಟ್ಟಿನಂಥ ಪುಡಿ. ಅಪ್ಪ ವಾರವಾರವೂ ಇಡೀ ತೋಪಿಗೆ ಔಷಧಿ ಹೊಡೆಸುತ್ತಿದ್ದರು. ದೊಡ್ಡಪ್ಪ ಬೇಡವೆಂದರು. ಮೇಲಿಂದ ಹೊಡೆದರೆ ತೊಗಟೆಯೊಳಗಿನ ಹುಳಕ್ಕೆ ಅದು ಮುಟ್ಟುವುದಿಲ್ಲ. ಒಣಗಿದ ಕೊಂಬೆ ಕತ್ತರಿಸಿ ಅವತ್ತೇ ಸುಡಬೇಕು, ತೂತು ಕಂಡ ಕಾಂಡಕ್ಕಷ್ಟೇ ಔಷಧಿ ಬಳಿದರೆ ಸಾಕು ಎಂದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದಿದ್ದ ನಾನು ಬಿಡಲಿಲ್ಲ.

“ನಿಮ್ಮ ಮರಕ್ಕೆ ಹುಳ ಬಿದ್ದಿಲ್ಲ, ಸರಿ. ಕೊಂಬೆ ಕತ್ತರಿಸಿದ್ದಕ್ಕೇ ಅಂತ ಹೆಂಗೆ ಹೇಳ್ತೀರಿ? ನಾವು ಹೊಡೆಯೋ ಔಷಧಿನೇ ನಿಮ್ಮನ್ನೂ ಕಾಯ್ತಿರಬಹುದು.”

“ನೀನೇ ಗೆದ್ದೆ ಕಣಮ್ಮಿ,” ಎಂದರು. “ಆ ಉಳಕ್ಕೂ ಒಸಿ ಇಂಗೇ ಏಳ್ಬುಡು, ಓಗ್ಲಿ.”

ಕೊನೆಗೆ ಅಪ್ಪ ಒಪ್ಪಿದರು. ದೊಡ್ಡಪ್ಪನೇ ಏಣಿ ಹಾಕಿ ಕೊಂಬೆ ಕೊಯ್ದುಕೊಟ್ಟರು. ಸುಡುವ ಕೆಲಸ ನನ್ನದು. ಒಳ್ಳೇ ಸೌದೆಯನ್ನು ಬಯಲಲ್ಲಿ ಯಾರಾದರೂ ಸುಡುತ್ತಾರೆಯೇ? ಹಂಡೆ ಒಲೆಗಾಗುತ್ತದೆಂದು ಬೇಲಿ ಪಕ್ಕ ಪೇರಿಸಿ, ಮೇಲೆ ತೆಂಗಿನ ಗರಿ ಮುಚ್ಚಿದೆ. ದೊಡ್ಡಪ್ಪ ಕೇಳಿದಾಗ ಸುಟ್ಟಾಯಿತು ಎಂದೆ.

ಎರಡು ತಿಂಗಳಾಗುವಷ್ಟರಲ್ಲಿ ನಮ್ಮ ಮರಗಳು ಚಿಗುರಿದವು. ಬೇಲಿಯಾಚೆ ಅವರ ಮೊದಲ ಸಾಲು ಒಣಗತೊಡಗಿತು. ಸೌದೆಯೊಳಗಿದ್ದ ದುಂಬಿಗಳು ಹೊರಬಂದು ಹತ್ತಿರದ ಮರ ಹಿಡಿದಿದ್ದವು.

ದೊಡ್ಡಪ್ಪ ಗರಿ ಸರಿಸಿ, ಒಂದು ತುಂಡು ಎತ್ತಿ ನೆಲಕ್ಕೆ ಕುಟ್ಟಿದರು. ಪುಡಿ ಉದುರಿತು.

“ಸುಟ್ಟೆ ಅಂದಿದ್ದಲ್ಲಮ್ಮಿ?”

“ದುಂಬಿ ಬೇರೆ ಕಡೆಯಿಂದಲೂ ಬಂದಿರಬಹುದಲ್ಲ ದೊಡ್ಡಪ್ಪ,” ಎಂದೆ. ನನಗೇ ನಂಬಿಕೆಯಿಲ್ಲದ ವಾದ. ಅವರು ತುಂಡನ್ನು ಕೆಳಗಿಟ್ಟು ಬೇಲಿ ದಾಟಿ ಹೋದರು. ಅದಕ್ಕಿಂತ ಬೈದಿದ್ದರೆ...

ಆ ಸಾಲನ್ನು ತಾವೇ ಕಡಿದು ಸುಟ್ಟರು. ಮತ್ತೆ ಬೇಲಿಯ ಹತ್ತಿರ ಬರಲಿಲ್ಲ. ಮುಂದಿನ ವರ್ಷ ತೋಟ ಗುತ್ತಿಗೆಗೆ ಕೊಟ್ಟು ಗುಂಡ್ಲುಪೇಟೆಯ ಮಗಳ ಮನೆಗೆ ಹೋದರು. ಹೋಗಿ, ತಪ್ಪು ನನ್ನದೇ ಎಂದು ಹೇಳಿಬರಬೇಕೆಂದುಕೊಂಡೇ ದಿನ ದೂಡುತ್ತಿದ್ದೆ. ಅಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಈಗ ನಮ್ಮ ತೋಪಿನಲ್ಲಿ ಕೊಂಬೆ ಕತ್ತರಿಸುವವಳು ನಾನೇ, ಅವತ್ತೇ ಸುಡುವವಳೂ ನಾನೇ. ಔಷಧಿಯ ಡ್ರಮ್ಮು ಹೆಚ್ಚುಕಡಿಮೆ ಖಾಲಿ ಬಿದ್ದಿದೆ. ಅವರ ಮೊದಲ ಸಾಲಿದ್ದ ಜಾಗ ಬಯಲಾಗಿ, ಬೇಲಿ ಬಳಿ ನಿಂತರೆ ರಸ್ತೆಯವರೆಗೂ ಕಾಣುತ್ತದೆ. ಬೆಂಕಿ ಆರುವವರೆಗೂ ಅಲ್ಲೇ ನಿಂತಿರುತ್ತೇನೆ. ಯಾರೂ ಬರುವುದಿಲ್ಲ.