ಅಣ್ಣ ಮಾಡಿಕೊಟ್ಟ ಗಾಜಿನ ತೊಟ್ಟಿ

ಮೀನು ಸಾಕುವ ಗಾಜಿನ ತೊಟ್ಟಿ ಗಟ್ಟಿಯೋ ಪೊಳ್ಳೋ ಎಂದು ನೋಡುವುದು ಹೇಗೆ ಅಂತ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಊಟ ಬಿಟ್ಟು ಹೇಳುತ್ತೇನೆ. ನೀರು ತುಂಬಿದಾಗ ಗಾಜು ಹೊರಗೆ ಉಬ್ಬುತ್ತದೆಯೇ, ಕಬ್ಬಿಣದ ಚೌಕಟ್ಟಿನ ಮೂಲೆಗೆ ತುಕ್ಕು ಹತ್ತಿದೆಯೇ, ಕೆಳಗೆ ಹಾಸಿದ ಹಳೇ ಪೇಪರು ಬೆಳಗಾಗುವಷ್ಟರಲ್ಲಿ ತೊಯ್ದಿದೆಯೇ ಎಂದು ನೋಡಬೇಕು. ಇದನ್ನೆಲ್ಲ ಕಲಿಸಿದವನು ನನ್ನ ಅಣ್ಣ. ಅವನು ನನಗೆ ಮಾಡಿಕೊಟ್ಟ ತೊಟ್ಟಿ ಮಾತ್ರ ಮೊದಲ ದಿನದಿಂದಲೇ ಸೋರುತ್ತಿತ್ತು.

ನಾನು ಗೋಕಾಕದವಳು. ಘಟಪ್ರಭೆಯ ದಂಡೆಯ ಮೇಲೆ ಬಟ್ಟೆ ಒಗೆಯುತ್ತ, ಕಾಲು ಕಚ್ಚುವ ಮೀನುಮರಿಗಳನ್ನು ಬೈಯುತ್ತ ಬೆಳೆದವಳು. ಐವತ್ತರ ದಶಕದ ಕೊನೆಗೆ ಹುಕ್ಕೇರಿಗೆ ಮದುವೆ ಮಾಡಿ ಕಳಿಸಿದರು. ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟುವ ಊರು. ಆದರೆ ಸೊಸೆಯಾದವಳಿಗೆ ಬಸ್ಸು ಹತ್ತುವ ಅಧಿಕಾರವೆಲ್ಲಿತ್ತು? ಊರಲ್ಲಿ ಕಾಲು ಇಳಿಬಿಟ್ಟು ಕೂಡಲು ಹೊಳೆಯೂ ಇರಲಿಲ್ಲ. ಬಾವಿಯ ನೀರು ಸೇದುವಾಗೆಲ್ಲ ನನಗೆ ಹೊಳೆಯ ನೆನಪಾಗುತ್ತಿತ್ತು.

ಮೊದಲ ನಾಗರಪಂಚಮಿಗೆ ಅಣ್ಣ ತವರಿಗೆ ಕರೆಯಲು ಬಂದಾಗ ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡೆ. ಅವನು ಗಿರಣಿಯಲ್ಲಿ ಫಿಟ್ಟರ್ ಆಗಿದ್ದ, ಮಾತು ಕಡಿಮೆ. ಕೇಳಿ ನಕ್ಕ. ದೀಪಾವಳಿ ಕಳೆದ ಮೇಲೆ ಕೌದಿಯಲ್ಲಿ ಸುತ್ತಿದ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದ. ಚೌಕಟ್ಟು ಅವನೇ ಬೆಸೆದದ್ದು. ಗಾಜುಗಳನ್ನು ಸೀಮೆಸುಣ್ಣದ ಪುಡಿ ಮತ್ತು ಅಗಸಿ ಎಣ್ಣೆ ಕಲಸಿದ ಪುಟ್ಟಿಯಿಂದ ಕೂಡಿಸಿದ್ದ. ಮುಚ್ಚಳದ ಡಬ್ಬಿಯಲ್ಲಿ ಹೊಳೆಯ ಮೀನುಮರಿಗಳಿದ್ದವು.

ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಅತ್ತೆ ಡಬ್ಬಿಯೊಳಗೆ ಇಣುಕಿ ದೂರ ಸರಿದರು. ಆಮೇಲೆ ಸಂತೆಯಲ್ಲಿ ಗಡಿಗೆ ಕೊಳ್ಳುವಂತೆ ತೊಟ್ಟಿಯನ್ನು ಬೆರಳಗಂಟಿನಿಂದ ತಟ್ಟಿ, ಕಿವಿಗೊಟ್ಟು, ಧ್ವನಿ ಸರಿಯಿಲ್ಲ ಎಂದು ತೀರ್ಪು ಕೊಟ್ಟರು. ಮರುದಿನ ಪೇಪರು ತೊಯ್ದಿತ್ತು. ಅತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ, ಹೊಸ ಗಡಿಗೆ ಮೊದಮೊದಲು ಬೆವರುವುದು ಸಹಜ ಎಂದರು. ನಾನು ಹಿತ್ತಲಿಗೆ ಹೋದಾಗ, ಹೊಸ ಗಡಿಗೆಯನ್ನು ಪಳಗಿಸುವ ಹಾಗೆ, ತೊಟ್ಟಿಗೆ ಒಂದು ಚರಿಗೆ ಜೋಳದ ಗಂಜಿ ಸುರಿದುಬಿಟ್ಟರು. ಬಂದು ನೋಡಿದರೆ ನೀರು ಸುಣ್ಣ ಕಲಸಿದಂತೆ ಬೆಳ್ಳಗಾಗಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೀನುಗಳನ್ನು ಬಕೆಟ್ಟಿಗೆ ಹಾಕಿ ಉಳಿಸಿಕೊಂಡೆ. ಸೋರುವುದು ಮಾತ್ರ ನಿಲ್ಲಲಿಲ್ಲ.

ಯಜಮಾನರು ಅಣ್ಣನಿಗೆ ಹೇಳಿ ಕಳಿಸಿದರು. ಅವನು ಮುಂದಿನ ರಜೆಯ ದಿನ ಬಂದು ಪುಟ್ಟಿ ಮೆತ್ತಿ, ರೊಟ್ಟಿ ಉಂಡು, ತಾಯಿಯ ಸುದ್ದಿ ಹೇಳಿ ಹೋದ. ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಮೂಲೆ ಸೋರಿತು. ಮತ್ತೆ ಬಂದ. ಆಗಿನ ಕಾಲದಲ್ಲಿ ಹೆಣ್ಣು ಕೊಟ್ಟ ಮನೆಗೆ ಅಣ್ಣತಮ್ಮಂದಿರು ಸುಮ್ಮಸುಮ್ಮನೆ ಬರುವಂತಿರಲಿಲ್ಲ. ಪಂಚಮಿಗೆ, ಬಾಣಂತನಕ್ಕೆ ಕರೆಯಲು ಬರಬೇಕು, ಬೇರೆ ದಿನ ಬಂದರೆ ಏನು ಕೆಟ್ಟ ಸುದ್ದಿ ಎಂದು ಓಣಿಯವರು ಕೇಳುತ್ತಿದ್ದರು. ತೊಟ್ಟಿ ಸೋರಿದರೆ ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. ಅಣ್ಣನ ಕೈಕೆಲಸ ಪೊಳ್ಳು ಎಂದು ಓಣಿಯೆಲ್ಲ ಆಡಿಕೊಂಡರೂ ನನಗೆ ಸಿಟ್ಟು ಬರುತ್ತಿರಲಿಲ್ಲ. ಪೇಪರು ಒಣಗಿದ್ದರೆ ಆ ದಿನ ಮನಸ್ಸು ಸಪ್ಪಗಾಗುತ್ತಿತ್ತು.

ಹೀಗೇ ಎರಡು ವರ್ಷ ನಡೆಯಿತು. ಒಂದು ಸಲ ಅಣ್ಣ ಕರೆಯದೆಯೇ ಬಂದ, ಡಬ್ಬಿಯಲ್ಲಿ ಡಾಂಬರು ತಂದಿದ್ದ. ಹಳೇ ಪುಟ್ಟಿಯನ್ನೆಲ್ಲ ಕೆರೆದು ತೆಗೆದ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಡಾಂಬರು ಕಾಯಿಸಿ, ಒಂದೊಂದೇ ಗಾಜನ್ನು ಕೂಡಿಸಿದ. ಸಂಜೆಗೆ ನೀರು ತುಂಬಿಸಿ, ಪೇಪರು ಹಾಸಿ, ರಾತ್ರಿ ಇದ್ದು, ಬೆಳಗ್ಗೆ ಪೇಪರನ್ನು ಎತ್ತಿ ನನಗೆ ತೋರಿಸಿದ.

“ಇನ್ನ ಇದು ಸೋರೂದಿಲ್ಲ, ತಂಗಿ,” ಎಂದ.

“ಅಷ್ಟ ಗಟ್ಟಿ ಯಾಕ ಮಾಡಿದಿ?” ಎಂದು ನನ್ನ ಬಾಯಿಗೆ ಬಂತು. ಅತ್ತೆ ಅಲ್ಲೇ ಇದ್ದರು, ನುಂಗಿಕೊಂಡೆ. ಅವನು ನನ್ನ ಮುಖ ನೋಡದೆ ಬಸ್ಸಿಗೆ ಹೋದ. ವಾರದೊಳಗೆ ಮುಂಬಯಿಯ ಗಿರಣಿಗೆ ಹೋದನೆಂದು ಸುದ್ದಿ ಬಂತು. ನನಗೊಂದು ಮಾತು ಹೇಳದೆ ಹೋದನಲ್ಲ ಎಂದು ಕುದಿದೆ.

ಆ ವರ್ಷ ಪಂಚಮಿಗೆ ಅಪ್ಪ ಬಂದು ಕರೆದೊಯ್ದರು. ಅಷ್ಟರಲ್ಲಿ ನನಗೊಂದು ಮಗುವಾಗಿತ್ತು. ಅದಕ್ಕೆ ಕೆಮ್ಮಿತ್ತು, ವೈನಿ, ಎಂದರೆ ಅಣ್ಣನ ಹೆಂಡತಿ, ನಮ್ಮನ್ನು ಗೋಕಾಕದ ಡಾಕ್ಟರರ ಕಡೆ ಕರೆದುಕೊಂಡು ಹೋದಳು. ಅವರ ಮೇಜಿನ ಮೇಲೆ ಗಾಜಿನ ತೊಟ್ಟಿಯಿತ್ತು. ಅದೇ ಬೆಸುಗೆ, ಅದೇ ಪುಟ್ಟಿ. ನನ್ನ ಮದುವೆಗಿಂತ ಮೊದಲೇ ಅಣ್ಣ ಮಾಡಿಕೊಟ್ಟದ್ದಂತೆ, ಒಂದು ಹನಿಯೂ ಸೋರಿಲ್ಲವಂತೆ. ಡಾಕ್ಟರರು ಹೊಗಳುತ್ತಲೇ ಇದ್ದರು. ನಾನು ತೊಟ್ಟಿಯ ಮೂಲೆಗಳನ್ನೇ ನೋಡುತ್ತ ಕೂತೆ.

ಹೊರಗೆ ಬಂದ ಮೇಲೆ ವೈನಿಯನ್ನು ಕೇಳಿದೆ: ಇಷ್ಟು ಚಂದ ಮಾಡಲು ಬರುತ್ತಿದ್ದವನು ನನಗೇಕೆ ಹಾಗೆ ಮಾಡಿಕೊಟ್ಟ? ಅವಳು ನಡೆಯುವುದನ್ನು ನಿಲ್ಲಿಸಿದಳು.

“ಸೋರಲಿ ಅಂತನ ಮಾಡಿದ್ರು. ಮುಂಬೈಗೆ ಹೋಗೂ ಮುಂದ ಅದನ್ನ ಗಟ್ಟಿ ಮಾಡಾಕ ಬಂದಿದ್ರು ನಿಮ್ಮ ಮನಿಗೆ. ನಾ ಇಲ್ಲದಾಗ ಸೋರಿದ್ರ ತಂಗಿ ಬೈಸ್ಕೋಬೇಕಾಗತೈತಿ ಅಂದ್ರು.”

ಅಣ್ಣ ಮುಂಬಯಿಯಿಂದ ತಿರುಗಿ ಬರಲಿಲ್ಲ, ಅಲ್ಲೇ ಜ್ವರದಲ್ಲಿ ತೀರಿಕೊಂಡ. ಬಂದವರಿಗೆಲ್ಲ ಅತ್ತೆ ಆ ತೊಟ್ಟಿಯನ್ನು ತೋರಿಸಿ, “ನಮ್ಮ ಬೀಗರ ಹುಡುಗ ಮಾಡಿದ್ದು, ಹನಿ ಸೋರೂದಿಲ್ಲ ನೋಡ್ರಿ,” ಎಂದು ಅಭಿಮಾನದಿಂದ ಹೇಳುತ್ತಿದ್ದರು. ಆಗೆಲ್ಲ ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅಳುತ್ತಿದ್ದೆ.