ಬುಧವಾರಕ್ಕೆ ಬಂದ ಶುಕ್ರವಾರ

ಇದಲೀನ ಫುರ್ತಾದೊ ಫಾಲ್ ರಿವರ್ ಊರಿನ ಕಿಟಕಿ ಪರದೆಯ ಕಾರ್ಖಾನೆಗೆ ಸೇರಿದ್ದು ಹದಿನೇಳನೆಯ ವಯಸ್ಸಿನಲ್ಲಿ. ಈಗ ಐವತ್ತು ದಾಟಿದೆ. ಅಷ್ಟು ವರ್ಷವೂ ಅದೇ ಹೊಲಿಗೆ ಯಂತ್ರ, ಅದೇ ಕುರ್ಚಿ. ಮದುವೆಯಾಗಲಿಲ್ಲ. ಬೇಕರಿಯವನೊಬ್ಬ ಒಂದು ಕಾಲಕ್ಕೆ ಹಿಂದೆ ಬಿದ್ದಿದ್ದ; ಈ ಆರ್ಡರ್ ಒಂದು ಮುಗಿಯಲಿ ಎಂದಳು. ಪರದೆಯ ಆರ್ಡರ್ ಎಂದಾದರೂ ಮುಗಿಯುವುದುಂಟೇ? ಅವನು ಬೇರೆ ಕಡೆ ನೋಡಿಕೊಂಡ. ರಜೆಯನ್ನೂ ಹೀಗೆಯೇ ಮುಂದಕ್ಕೆ ತಳ್ಳುತ್ತಾ ಬಂದಳು. ಚಿಕ್ಕವಳಿದ್ದಾಗ ಬಿಟ್ಟುಬಂದ ಸಾವ್ ಮಿಗೆಲ್ ದ್ವೀಪಕ್ಕೆ ಒಮ್ಮೆ ಹೋಗಿಬರಬೇಕೆಂದು ಕೂಡಿಟ್ಟ ರಜೆ ಅದು.

ಚಳಿಗಾಲದ ಕೊನೆಗೆ ಅವಳ ಅಪ್ಪ ಎರ್ಮಾನೊನ ಹೃದಯ ಕೈಕೊಟ್ಟಿತು. ಬೇಸಿಗೆ ನೋಡುವುದು ಕಷ್ಟ ಎಂದು ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದರು. ಇದನ್ನು ಮುದುಕನಿಗೆ ಹೇಗಪ್ಪಾ ಹೇಳುವುದು ಎಂದು ಅವಳು ಒದ್ದಾಡುತ್ತಿದ್ದರೆ ಅವನೇ ಕೇಳಿದ:

"ಏನಂದ್ರು? ದ್ರಾಕ್ಷಿ ಬಳ್ಳಿ ಕತ್ತರಿಸೋಷ್ಟು ಟೈಮಾದ್ರೂ ಇದೆಯಂತಾ?"

ಮನೆಯ ಪಕ್ಕದ ಅಂಗಳದಲ್ಲಿ ಚಪ್ಪರಕ್ಕೆ ಹಬ್ಬಿದ ಬಳ್ಳಿ ಅದು. ದ್ವೀಪದಿಂದ ಬರುವಾಗ ಕೋಟಿನ ತೋಳಿನೊಳಗೆ ಬಚ್ಚಿಟ್ಟು ತಂದ ಕಡ್ಡಿ. ಪ್ರತಿ ವರ್ಷ ಚಿಗುರೊಡೆಯುವ ಮುಂಚೆ ಅದನ್ನು ಕತ್ತರಿಸಬೇಕು, ಎರ್ಮಾನೊನೇ ಕತ್ತರಿಸಬೇಕು; ಬೇರೆಯವರು ಕತ್ತರಿ ಮುಟ್ಟಿದರೆ ರಂಪ. ಈ ಸಲ ತನ್ನಿಂದಾಗದು ಎಂದು ಅವನಿಗೂ ಗೊತ್ತಿತ್ತು. ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಮಗಳ ಕೈಯಲ್ಲಿ ಕತ್ತರಿಸಿ, ಬಳ್ಳಿಯನ್ನು ಅವಳಿಗೆ ಒಪ್ಪಿಸಿಬಿಡಬೇಕು. ಅದೊಂದೇ ಅವನಿಗೆ ಉಳಿದಿದ್ದ ಆಸೆ.

ಕಾರ್ಖಾನೆಯ ಆಫೀಸಿನಲ್ಲಿ ರಜೆ, ಸಂಬಳ ನೋಡಿಕೊಳ್ಳುವವಳು ಜುಲ್ಮೀರ. ಇವಳ ಬಾಲ್ಯದ ಗೆಳತಿ, ಅವಳೂ ದ್ವೀಪದವಳೇ.

"ಅಪ್ಪನ್ನ ನೋಡ್ಕೊಳ್ಳೋಕೆ ರಾಜ್ಯ ಸರ್ಕಾರದವರು ಹನ್ನೆರಡು ವಾರ ದುಡ್ಡು ಕೊಡ್ತಾರೆ ಕಣೇ. ಪೂರ್ತಿ ಸಂಬಳ ಅಲ್ಲ. ಕಡಿಮೆ ಬೀಳೋದನ್ನ ನಿನ್ನ ಕೂಡಿಟ್ಟ ರಜೆಯಿಂದ ಕಂಪನಿ ತುಂಬುತ್ತೆ. ಎರಡೂ ಸೇರಿದ್ರೆ ನೀನು ಮನೇಲಿದ್ರೂ ಸಂಬಳ ಪೂರ್ತಿ."

"ಎರಡೂ ಒಂದೇ ದಿನಕ್ಕಾ?"

"ಒಂದೇ ದಿನಕ್ಕೆ. ಕಾಫಿಗೆ ಹಾಲು ಹಾಕಿದ ಹಾಗೆ. ಹೋಗು, ಅಪ್ಪನ ಜೊತೆ ಕೂತ್ಕೋ."

ಇದಲೀನ ಮನೆಗೆ ಬಂದವಳೇ ಮೊದಲು ಮಾಡಿದ ಕೆಲಸ, ಕಿಟಕಿಗಳ ಪರದೆ ಎಳೆದದ್ದು.

ಅದಕ್ಕೆ ಕಾರಣವಿತ್ತು. ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಎರ್ಮಾನೊ ಬಟ್ಟೆ ಗಿರಣಿಯಲ್ಲಿ ಬಿದ್ದು ಬೆನ್ನು ಮುರಿದುಕೊಂಡಿದ್ದ. ಗಾಯದ ಪರಿಹಾರ ತಿನ್ನುತ್ತಾ ಮನೆಯಲ್ಲಿದ್ದವನು ಒಂದು ಮಧ್ಯಾಹ್ನ ಬೇಸರ ತಡೆಯದೆ ಹಿತ್ತಲಿನಲ್ಲಿ ನಾಲ್ಕು ಅವರೆ ಬೀಜ ಊರಿದ. ಬೆನ್ನು ಮುರಿದವನು ತೋಟದ ಕೆಲಸ ಮಾಡುತ್ತಾನೆ ಎಂದು ಯಾರೋ ಗಿರಣಿಗೆ ಹೋಗಿ ಚಾಡಿ ಹೇಳಿದರು. ಪರಿಹಾರ ನಿಂತಿತು, ಮೋಸಗಾರ ಎಂಬ ಹೆಸರು ಬಂತು. ಹೇಳಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಹಾಗಾಗಿ ಇಡೀ ಬೀದಿಯ ಮೇಲೆ ಗುಮಾನಿ. ಅಂದಿನಿಂದ ಆ ಮನೆಯ ಕಟ್ಟಳೆ ಒಂದೇ: ಕೂತು ತಿನ್ನುವ ದುಡ್ಡು ಬರುವಾಗ ಬೀದಿಗೆ ಮುಖ ತೋರಿಸಬಾರದು.

ಇದು ಬೇರೆ ದುಡ್ಡು. ಅಪ್ಪನ ಆರೈಕೆಗೆಂದೇ ಕೊಟ್ಟದ್ದು. ಅಪ್ಪ ಬಿಸಿಲಿಗೆ ಕೂತರೆ ಪಕ್ಕದಲ್ಲಿ ಕೂರುವುದೂ ಆರೈಕೆಯೇ. ಆದರೆ ಇಂಥ ಸರಳ ಮಾತು ತಲೆಯವರೆಗೆ ಹೋಗುತ್ತದೆ, ಅಲ್ಲಿಂದ ಕೆಳಗೆ ಇಳಿಯುವುದಿಲ್ಲ. ಮುದುಕನೂ ಅದೇ ಗರಡಿಯವನು.

"ಇನ್ನೂ ಸ್ವಲ್ಪ ಎಳಿ ಮಗಳೇ," ಎನ್ನುತ್ತಿದ್ದ. "ಎದುರುಮನೆ ಒಲೀವಿಯಳ ಕಣ್ಣು ನಮ್ಮ ಉಪ್ಪಿನ ಡಬ್ಬಿವರೆಗೂ ಬರುತ್ತೆ."

ಅವಳು ಅತ್ತ ಹೋದ ಕೂಡಲೇ ಮಾತ್ರ ಬೆರಳಿನಿಂದ ಪರದೆಯ ಅಂಚು ಸರಿಸಿ ಬಳ್ಳಿಯನ್ನು ನೋಡುತ್ತಿದ್ದ. ಇದಲೀನ ಒಂದು ದಿನ ಬಾಗಿಲ ಸಂದಿಯಿಂದ ಅದನ್ನು ಕಂಡಳು. ಮತ್ತೆ ಆಫೀಸಿಗೆ ಹೋದಳು.

"ಶುಕ್ರವಾರ ಒಂದು ದಿನ ರಾಜ್ಯದ ದುಡ್ಡು ಬೇಡ. ಆ ದಿನ ಪೂರ್ತಿ ನನ್ನ ರಜೆಯಿಂದಾನೇ ಹಾಕು."

"ತಲೆ ಸರಿಯಿದೆಯಾ? ರಜೆ ಬೇಗ ಖಾಲಿಯಾಗುತ್ತೆ. ಊರಿಗೆ ಹೋಗೋದು ಬೇಡ್ವಾ?"

"ಖಾಲಿಯಾಗ್ಲಿ. ನನ್ನ ರಜೇಲಿ ನಾನು ಅಂಗಳದಲ್ಲಿ ನಿಂತ್ರೆ ಯಾರೂ ಕೇಳೋ ಹಾಗಿಲ್ಲ."

"ಯಾವತ್ತು ನಿಂತ್ರೂ ಕೇಳೋ ಹಾಗಿಲ್ಲ ಕಣೇ, ಕಾನೂನೇ ಹಾಗಿದೆ."

"ಕಾನೂನು ನಮ್ಮ ಬೀದೀಲಿ ಮನೆ ಮಾಡಿಲ್ಲ ಜುಲ್ಮೀರ."

ಜುಲ್ಮೀರ ಆ ಬೀದಿಯಲ್ಲೇ ಬೆಳೆದವಳು. ರಜೆಯ ಹಾಳೆ ತೆಗೆದು ಬದಲಾಯಿಸಿಕೊಟ್ಟಳು.

ಹೀಗೆ ವಾರವೆಲ್ಲ ಪರದೆಯೊಳಗೆ, ಶುಕ್ರವಾರ ಒಂದು ದಿನ ಬಯಲಿಗೆ ಎಂದು ಅಪ್ಪನಿಗೂ ಹೇಳಿಟ್ಟಳು. ಆದರೆ ಮೊದಲ ಶುಕ್ರವಾರ ಹಿಮ ಬಿತ್ತು. ಎರಡನೆಯದಕ್ಕೆ ಮಳೆ ಹಿಡಿಯಿತು. ಮೂರನೆಯದಕ್ಕೆ ಎರ್ಮಾನೊನ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಬೇಕಾಯಿತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬೇರೆ. ಶುಕ್ರವಾರ ಮಾಂಸ ಮುಟ್ಟುವಂತಿಲ್ಲ. ಹಂದಿಮಾಂಸದ ಶೊರೀಸು ಎಂದರೆ ಪ್ರಾಣ ಬಿಡುವ ಮುದುಕ ಬೇಯಿಸಿದ ಮೀನು ಕೆದಕುತ್ತಾ, "ಇದು ಶುಕ್ರವಾರಾನೋ ಶಿಕ್ಷೇನೋ," ಎಂದು ಗೊಣಗುತ್ತಿದ್ದ.

ಆಸ್ಪತ್ರೆಯಿಂದ ಬಂದವನು ಬಡಕಲಾಗಿ ಹೋಗಿದ್ದ. ಎರಡು ದಿನ ಕಳೆದು ಬೆಳಗ್ಗೆ ಎಳೆ ಬಿಸಿಲು ಬಿತ್ತು. ಬಳ್ಳಿಯ ಕಣ್ಣುಗಳು ಊದಿಕೊಂಡಿದ್ದವು. ಇನ್ನು ತಡಮಾಡಿದರೆ ಆಗಲೇ ಚಿಗುರು.

"ಇವತ್ತು ಯಾವ ವಾರ ಮಗಳೇ?"

ಬುಧವಾರ. ಬುಧವಾರ ಬರುವ ಕಸದ ಲಾರಿ ಮೂಲೆಯಲ್ಲಿ ಡಬ್ಬಿ ಬಡಿಯುತ್ತಿತ್ತು. ಬರುವ ಶುಕ್ರವಾರಕ್ಕೆ ಇವನಿರುತ್ತಾನೋ ಇಲ್ಲವೋ ಎಂದು ಯೋಚಿಸಿ ಇದಲೀನಳಿಗೆ ಭಯವಾಯಿತು.

"ಶುಕ್ರವಾರ," ಎಂದಳು.

ಕೋಟು ತೊಡಿಸಿ, ಕಂಬಳಿ ಹೊದಿಸಿ, ಚಪ್ಪರದ ಕೆಳಗೆ ಕೂರಿಸಿದಳು. ತಾನು ಏಣಿ ಹತ್ತಿದಳು.

"ಅದಲ್ಲ, ಪಕ್ಕದ್ದು. ಎರಡು ಕಣ್ಣು ಬಿಟ್ಟು ಕತ್ತರಿಸು. ಓರೆಯಾಗಿ. ಹೊಲಿಗೆ ಮೆಷಿನ್ ಅಲ್ಲ ಅದು, ನೆಟ್ಟಗೆ ಓಡಿಸ್ಬೇಡ."

ಎದುರುಮನೆಯ ಬಾಗಿಲು ತೆರೆಯಿತು. ಒಲೀವಿಯ ಶಾಲು ಹೊದ್ದು ಬೀದಿ ದಾಟಿ ಬೇಲಿಯ ಹತ್ತಿರ ಬಂದು ನಿಂತಳು. ಏಣಿಯ ಮೇಲೆ ಇದಲೀನ ಕತ್ತರಿ ಆಡಿಸುವುದನ್ನು ನಿಲ್ಲಿಸಿದಳು. ಒಲೀವಿಯ ಮೇಲೆ ಕೆಳಗೆ ನೋಡಿದಳು.

"ಎರ್ಮಾನೊ, ನಿನ್ನ ಮಗಳು ಬಳ್ಳಿ ಕತ್ತರಿಸ್ತಿದಾಳೋ ಪರದೆ ಬಟ್ಟೇನೋ? ಇಷ್ಟು ಗಿಡ್ಡ ಮಾಡಿದ್ರೆ ಹಣ್ಣು ಬರುತ್ತಾ?"

"ನಿನ್ನ ಬಳ್ಳಿ ವೈನ್ ಕುಡ್ದಿದೀನಿ ಒಲೀವಿಯ," ಎಂದ ಮುದುಕ. "ಉಪ್ಪಿನಕಾಯಿಗೆ ಹುಳಿ ಬೇಕಾದ್ರೆ ಕೇಳಿ ಕಳಿಸ್ತೀನಿ."

ಅವಳು ಅಲ್ಲೇ ನಿಂತು ಜಗಳವಾಡಿದಳು, ಕೊಂಬೆ ಕೊಂಬೆಗೂ ತಕರಾರು ತೆಗೆದಳು, ಬಿಸಿಲು ಏರಿದ ಮೇಲೆ ಮನೆಗೆ ಹೋದಳು. ರಜೆಯ ಬಗ್ಗೆ, ದುಡ್ಡಿನ ಬಗ್ಗೆ ಏನೂ ಕೇಳಲಿಲ್ಲ. ಇದಲೀನಳಿಗೆ ಮೊದಲು ಹಗುರವೆನಿಸಿತು. ಆಮೇಲೆ ಪರದೆಯ ಹಿಂದೆ ಕಳೆದ ವಾರಗಳನ್ನು ನೆನೆದು ತನ್ನ ಮೇಲೇ ಸಿಟ್ಟು ಬಂತು.

ಊಟದ ಹೊತ್ತಿಗೆ ಬಳ್ಳಿ ಮುಗಿದಿತ್ತು. ಬೆಳಗ್ಗೆಯೇ ಒಲೆಯ ಮೇಲಿಟ್ಟಿದ್ದ ಸೊಪ್ಪಿನ ಸೂಪನ್ನು ಬಟ್ಟಲಿಗೆ ಹಾಕಿ ಅಪ್ಪನ ಕೈಗೆ ಕೊಟ್ಟಳು. ಕೊಟ್ಟ ಮೇಲೆ ಕಣ್ಣಿಗೆ ಬಿತ್ತು: ಸೊಪ್ಪಿನ ನಡುವೆ ಕೆಂಪಗೆ ಶೊರೀಸು ತುಂಡುಗಳು. ಶುಕ್ರವಾರ ಎಂದು ಸುಳ್ಳು ಹೇಳುವ ಮುಂಚೆ ಹಾಕಿದ್ದು.

ಎರ್ಮಾನೊ ಒಂದು ತುಂಡನ್ನು ಚಮಚದಲ್ಲಿ ಎತ್ತಿ ನೋಡಿದ. ಮಗಳನ್ನು ನೋಡಿದ. ಮಗಳು ಏಣಿಯನ್ನು ನೋಡುತ್ತಿದ್ದಳು. ಮುದುಕ ಎದುರುಮನೆಯ ಕಿಟಕಿಯತ್ತ, ತೆರೆದ ಬೀದಿಯತ್ತ ಒಮ್ಮೆ ಕಣ್ಣು ಹಾಯಿಸಿ, ತುಂಡನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

"ಇನ್ನೆರಡು ಹಾಕು ಮಗಳೇ," ಎಂದ. "ಇಂಥ ಶುಕ್ರವಾರ ನಾನು ನೋಡೇ ಇರಲಿಲ್ಲ."

ಅವಳು ನಗಲು ಹೋಗಿ ಅತ್ತುಬಿಟ್ಟಳು. ಅವನು ಆಮೇಲೆ ವಾರ ಕೇಳಲಿಲ್ಲ. ಬೆಳಗಾದರೆ ಕೋಟು ಹಾಕಿಕೊಂಡು ಬಾಗಿಲ ಬಳಿ ಕಾಯುತ್ತಿದ್ದ, ಅವಳು ಪರದೆ ಸರಿಸಿ ಕುರ್ಚಿ ಹೊರಗಿಡುತ್ತಿದ್ದಳು. ಈಸ್ಟರ್‌ಗೆ ಮುಂಚೆ ಅವನು ತೀರಿಕೊಳ್ಳುವವರೆಗೂ ಆ ಮನೆಯಲ್ಲಿ ದಿನವೂ ಶುಕ್ರವಾರವೇ ಇತ್ತು, ದಿನವೂ ಸೂಪಿನಲ್ಲಿ ಶೊರೀಸು ಇತ್ತು.